ಮೂರು ಕ್ಯಾಮರಾ, ಒಂದು ತಾಳ: ಮನೆಯ ಗಣಕದಲ್ಲಿ ಬಹುಕ್ಯಾಮರಾ ಸಂಕಲನ

ಭರತನಾಟ್ಯದ ರಂಗಪ್ರವೇಶವು ಕಲಾವಿದೆಯೊಬ್ಬಳ ಬದುಕಿನಲ್ಲಿ ಒಮ್ಮೆ ಮಾತ್ರ ನಡೆಯುವ ಕಾರ್ಯಕ್ರಮ. ಎಂಟು ಹತ್ತು ವರ್ಷಗಳ ಕಲಿಕೆ, ಗುರುವಿನ ನಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು, ಪಿಟೀಲುಗಳ ಹಿಮ್ಮೇಳ ಎಲ್ಲವೂ ಎರಡೂವರೆ ಗಂಟೆಯ ಒಂದೇ ಸಂಜೆಯಲ್ಲಿ ಕೂಡಿಬಂದು ಮುಗಿದುಹೋಗುತ್ತವೆ. ಆಮೇಲೆ ಉಳಿಯುವುದು ಚಿತ್ರೀಕರಣ ಮಾತ್ರ. ಒಂದೇ ಕ್ಯಾಮರಾದಿಂದ ತೆಗೆದ ಚಿತ್ರದಲ್ಲಿ ಒಂದೋ ಪಾದಗಳು ಕಾಣುತ್ತವೆ, ಇಲ್ಲವೇ ಕಣ್ಣುಗಳ ಅಭಿನಯ ಕಾಣುತ್ತದೆ. ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ. ಆದಕಾರಣ ಈಗ ಸಾಮಾನ್ಯ ಕುಟುಂಬಗಳೂ ಸಭಾಂಗಣದ ಎರಡು ಮೂರು ಕಡೆ ಕ್ಯಾಮರಾ ನಿಲ್ಲಿಸುತ್ತವೆ. ಸೋದರಮಾವನ ಮೊಬೈಲ್ ಫೋನ್ ಕೂಡ ಮುಂದಿನ ಸಾಲಿನಲ್ಲಿ ಸ್ಟ್ಯಾಂಡಿನ ಮೇಲೆ ಕುಳಿತಿರುತ್ತದೆ.

ಮರುದಿನ ಗಣಕದ ಮುಂದೆ ಕುಳಿತಾಗಲೇ ತೊಡಕು ಆರಂಭ. ಮೂರು ಕ್ಯಾಮರಾಗಳು ಮೂರು ಬೇರೆ ಬೇರೆ ಕ್ಷಣಗಳಲ್ಲಿ ಚಾಲೂ ಆಗಿವೆ. ಒಂದರ ಬಣ್ಣ ಕೆಂಪಾಗಿದೆ, ಇನ್ನೊಂದರದು ನೀಲಿಯಾಗಿದೆ. ಒಂದರ ಕಡತ ನಡುವೆ ತುಂಡಾಗಿದೆ. ಇವನ್ನೆಲ್ಲ ಒಂದೇ ಕಾಲರೇಖೆಯ ಮೇಲೆ ಹೊಂದಿಸಿ, ಪ್ರತಿ ಕ್ಷಣಕ್ಕೂ ಯಾವ ಕ್ಯಾಮರಾದ ಚಿತ್ರ ಕಾಣಬೇಕೆಂದು ಆರಿಸಿ ಜೋಡಿಸುವ ಕೆಲಸವೇ ಬಹುಕ್ಯಾಮರಾ ಸಂಕಲನ.

ಕೋನ ಆರಿಸುವುದೇ ಇಲ್ಲಿನ ಮುಖ್ಯ ಕೌಶಲವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಸುಲಭದ, ಸಂತೋಷದ ಭಾಗ. ಕಷ್ಟವಿರುವುದು ಮೂರು ಗಡಿಯಾರಗಳನ್ನು ಒಂದೇ ಗಡಿಯಾರವನ್ನಾಗಿ ಮಾಡುವುದರಲ್ಲಿ. ಮದುವೆಯ ಆರತಕ್ಷತೆಯ ಚಿತ್ರದಲ್ಲಿ ಸದ್ದು ಮತ್ತು ದೃಶ್ಯದ ನಡುವೆ ಸ್ವಲ್ಪ ಅಂತರವಿದ್ದರೆ ಯಾರೂ ಗಮನಿಸರು. ನೃತ್ಯದಲ್ಲಿ ಹಾಗಲ್ಲ. ತಟ್ಟಡವಿನಲ್ಲಿ ಪಾದ ನೆಲಕ್ಕೆ ಬಡಿದ ಮೇಲೆ ತಾಳದ ಸದ್ದು ಕೇಳಿಬಂದರೆ, ಕಲಾವಿದೆಗೆ ತಾಳ ನಿಲ್ಲುತ್ತಿಲ್ಲವೆಂದೇ ನೋಡುಗರು ತಿಳಿಯುತ್ತಾರೆ. ಅವಳು ವೇದಿಕೆಯ ಮೇಲೆ ಮಾಡದ ತಪ್ಪು ಶಾಶ್ವತವಾಗಿ ಅವಳ ಹೆಸರಿಗೆ ದಾಖಲಾಗುತ್ತದೆ.

ಮೂರು ತಲೆಯ ಯಂತ್ರದಿಂದ ಮನೆಯ ಗಣಕದವರೆಗೆ

ಒಂದೇ ಪ್ರದರ್ಶನವನ್ನು ಹಲವು ಕ್ಯಾಮರಾಗಳಿಂದ ಚಿತ್ರಿಸಿ ಆಮೇಲೆ ಜೋಡಿಸುವ ಪದ್ಧತಿಗೆ ಅಮೆರಿಕದ ದೂರದರ್ಶನದಲ್ಲಿ ಗಟ್ಟಿಯಾದ ನೆಲೆ ದೊರೆತದ್ದು 1951ರ ಅಕ್ಟೋಬರಿನಲ್ಲಿ ಆರಂಭವಾದ 'ಐ ಲವ್ ಲೂಸಿ' ಹಾಸ್ಯ ಧಾರಾವಾಹಿಯಿಂದ. ಪ್ರೇಕ್ಷಕರ ಎದುರಿನಲ್ಲೇ ನಾಟಕದಂತೆ ನಡೆಯುತ್ತಿದ್ದ ಅದನ್ನು 35 ಮಿಲಿಮೀಟರಿನ ಮೂರು ಸಿನಿಮಾ ಕ್ಯಾಮರಾಗಳು ಏಕಕಾಲಕ್ಕೆ ಚಿತ್ರಿಸುತ್ತಿದ್ದವು. ಅದರ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್. 1927ರ ಜರ್ಮನ್ ಮೂಕಿಚಿತ್ರ 'ಮೆಟ್ರೊಪೊಲಿಸ್'ಗೆ ಕ್ಯಾಮರಾ ಹಿಡಿದವನು. ಮೂರು ಸುರುಳಿಗಳನ್ನು ಒಟ್ಟಿಗೆ ನೋಡಿ ಕತ್ತರಿಸಲು ಮೂರು ಚಿತ್ರಫಲಕಗಳಿದ್ದ ಮೂವಿಯೋಲಾ ಯಂತ್ರವೊಂದನ್ನು ಬಳಸಲಾಗುತ್ತಿತ್ತು. ಸಂಕಲನಕಾರರು ಅದನ್ನು ಮೂರು ತಲೆಯ ರಾಕ್ಷಸ ಎಂದು ಕರೆಯುತ್ತಿದ್ದರು. ಇಂದಿನ ತಂತ್ರಾಂಶಗಳಲ್ಲಿ ಕಾಣುವ ನಾಲ್ಕು ಚೌಕಗಳ ಕಿಟಕಿ ಆ ಯಂತ್ರದ ವಂಶಕ್ಕೇ ಸೇರಿದ್ದು.

1970ರ ದಶಕದಲ್ಲಿ ಟೈಮ್‌ಕೋಡ್ ಪದ್ಧತಿ ಬಳಕೆಗೆ ಬಂತು. ಗಂಟೆ, ನಿಮಿಷ, ಸೆಕೆಂಡು ಮತ್ತು ಫ್ರೇಮಿನ ಸಂಖ್ಯೆಯನ್ನು ಟೇಪಿನ ಮೇಲೆಯೇ ಬರೆಯುವ ಈ ವ್ಯವಸ್ಥೆಯಿಂದ ವೃತ್ತಿಪರರ ಕ್ಯಾಮರಾಗಳೆಲ್ಲ ಒಂದೇ ಗಡಿಯಾರಕ್ಕೆ ಓಗೊಡುವಂತಾಯಿತು. ಮನೆಬಳಕೆಯ ಕ್ಯಾಮರಾಗಳಿಗೆ ಆ ಭಾಗ್ಯ ದೊರೆಯಲಿಲ್ಲ. ಬಹುಪಾಲು ಈಗಲೂ ದೊರೆತಿಲ್ಲ. ಮನೆಯ ಸಂಕಲನಕಾರನ ತಲೆನೋವಿನ ಮೂಲ ಇದೇ.

ಗಣಕದ ತಂತ್ರಾಂಶಗಳ ಪೈಕಿ ಆಪಲ್ ಸಂಸ್ಥೆಯ ಫೈನಲ್ ಕಟ್ ಪ್ರೊ 2005ರಲ್ಲಿ ತನ್ನ ಐದನೆಯ ಆವೃತ್ತಿಯಲ್ಲಿ ಬಹುಕ್ಯಾಮರಾ ಸೌಲಭ್ಯ ಪಡೆಯಿತು. 2006ರಲ್ಲಿ ಅಡೋಬಿ ಪ್ರೀಮಿಯರ್ ಪ್ರೊ 2.0 ನಾಲ್ಕು ಕ್ಯಾಮರಾಗಳವರೆಗಿನ ಸೌಲಭ್ಯದೊಂದಿಗೆ ಬಂತು. ಇವೆರಡೂ ಸ್ಟುಡಿಯೋಗಳಿಗೆಂದೇ ಇದ್ದ, ದುಬಾರಿಯಾದ ತಂತ್ರಾಂಶಗಳು. ಅದೇ ಕಾಲದಲ್ಲಿ ವಿಂಡೋಸ್‌ನೊಂದಿಗೆ ಉಚಿತವಾಗಿ ಬರುತ್ತಿದ್ದ ಮೂವೀ ಮೇಕರ್‌ನಲ್ಲಿ ದೃಶ್ಯಕ್ಕೆ ಇದ್ದದ್ದು ಒಂದೇ ಹಳಿ; ಎರಡು ಕ್ಯಾಮರಾಗಳ ಚಿತ್ರಗಳನ್ನು ಮೇಲೆ ಕೆಳಗೆ ಇಟ್ಟು ನೋಡುವುದೂ ಸಾಧ್ಯವಿರಲಿಲ್ಲ. ಮನೆಬಳಕೆಯ ತಂತ್ರಾಂಶಗಳಲ್ಲಿ ಈ ಸೌಲಭ್ಯ ಹರಡಿದ್ದು ಮುಂದಿನ ದಶಕದಲ್ಲಿ. ಸೈಬರ್‌ಲಿಂಕ್ ಪವರ್‌ಡೈರೆಕ್ಟರ್ 12 ಇದನ್ನು 2013ರಲ್ಲಿ ತಂದಿತು. ಡವಿಂಚಿ ರಿಸಾಲ್ವ್ 2015ರಲ್ಲಿ ತನ್ನ ಹನ್ನೆರಡನೆಯ ಆವೃತ್ತಿಯಲ್ಲಿ ಅಳವಡಿಸಿಕೊಂಡಿತು. ಕೋರೆಲ್ ವಿಡಿಯೋಸ್ಟುಡಿಯೋ ಎಕ್ಸ್9ರ ಸರದಿ ಬಂದದ್ದು 2016ರಲ್ಲಿ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಈ ಸೌಲಭ್ಯ ಇರುವುದರಿಂದ, ಹಣದ ಅಡ್ಡಿ ಈಗ ತಂತ್ರಾಂಶಕ್ಕಿಂತ ಹೆಚ್ಚಾಗಿ ಅದನ್ನು ಓಡಿಸಬಲ್ಲ ಗಣಕದ್ದು.

ಸಂಕಲನ ಆರಂಭವಾಗುವುದು ಸಭಾಂಗಣದಲ್ಲಿ

ಚಿತ್ರೀಕರಣದ ಹೊತ್ತಿನಲ್ಲಿ ತೆಗೆದುಕೊಳ್ಳಬೇಕಾದ ಕೆಲವು ನಿರ್ಧಾರಗಳನ್ನು ಆಮೇಲೆ ಯಾವ ತಂತ್ರಾಂಶವೂ ಸರಿಪಡಿಸಲಾರದು.

ಮೊದಲನೆಯದು, ಇಡೀ ವೇದಿಕೆಯನ್ನು ತೋರಿಸುವ ಒಂದು ಕ್ಯಾಮರಾ ಸಭಾಂಗಣದ ನಡುವೆ, ಟ್ರೈಪಾಡ್ ಮೇಲೆ, ಅಲುಗಾಡದೆ ನಿಂತಿರಬೇಕು. ಕಾರ್ಯಕ್ರಮ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟಬಾರದು. ಉಳಿದೆರಡು ಕ್ಯಾಮರಾಗಳವರು ಕಲಾವಿದೆಯನ್ನು ಹಿಂಬಾಲಿಸುವಾಗ ತಡವರಿಸಬಹುದು, ಫೋಕಸ್ ತಪ್ಪಬಹುದು, ಎದುರಿಗೆ ಯಾರಾದರೂ ಎದ್ದು ನಿಲ್ಲಬಹುದು. ಅಂಥ ಪ್ರತಿ ಕ್ಷಣದಲ್ಲೂ ಸಂಕಲನಕಾರ ಓಡಿಬರುವುದು ಈ ನಡುವಿನ ಕ್ಯಾಮರಾಕ್ಕೆ. ಎರಡನೆಯ ಕ್ಯಾಮರಾ ಮುಖ ಮತ್ತು ಹಸ್ತಮುದ್ರೆಗಳಿಗೆ. ಮೂರನೆಯದು ನಟುವಾಂಗ ಹಾಗೂ ಹಿಮ್ಮೇಳದವರಿಗೆ. ಬಿಡುವಿನಲ್ಲಿ ಓರೆಕೋನದಿಂದ ಕಲಾವಿದೆಗೆ.

ಮೂರೂ ಕ್ಯಾಮರಾಗಳು ಪ್ರೇಕ್ಷಕರ ಬದಿಯಲ್ಲೇ ಇರುವುದು ಲೇಸು. ವೇದಿಕೆಯ ಪಕ್ಕದ ಪರದೆಯ ಮರೆಯಿಂದ, ಹಿಮ್ಮೇಳದವರ ಬೆನ್ನ ಹಿಂದಿನಿಂದ ತೆಗೆದ ಚಿತ್ರ ನೋಡಲು ಸೊಗಸಾದರೂ ಅಲ್ಲಿಂದ ದಿಕ್ಕು ಅದಲುಬದಲಾಗುತ್ತದೆ. ಎಡಕ್ಕೆ ಸಾಗುತ್ತಿದ್ದ ಕಲಾವಿದೆ ಮರುಕ್ಷಣ ಬಲಕ್ಕೆ ಸಾಗುತ್ತಿರುವಂತೆ ತೋರಿ ನೋಡುಗನಿಗೆ ಗೊಂದಲವಾಗುತ್ತದೆ. ಸಿನಿಮಾದವರು 180 ಡಿಗ್ರಿಯ ನಿಯಮವೆಂದು ಕರೆಯುವುದು ಇದನ್ನೇ.

ಎರಡನೆಯ ನಿರ್ಧಾರ ಫ್ರೇಮುಗಳ ಲೆಕ್ಕದ್ದು. ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಇಲ್ಲಿನ ದೂರದರ್ಶನ ಸೆಕೆಂಡಿಗೆ 25 ಫ್ರೇಮುಗಳ ಪದ್ಧತಿಯಲ್ಲಿ ಬೆಳೆಯಿತು. ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಸ್, ಫ್ರೇಮುಗಳು 29.97. ಮೊಬೈಲ್ ಫೋನುಗಳು ಎಲ್ಲಿ ಕೊಂಡರೂ ಸಾಮಾನ್ಯವಾಗಿ 30ಕ್ಕೆ ಹೊಂದಿಸಿಕೊಂಡೇ ಬರುತ್ತವೆ. ಕ್ಯಾಲಿಫೋರ್ನಿಯಾದಿಂದ ಬಂದ ಚಿಕ್ಕಪ್ಪನ ಕ್ಯಾಮರಾ, ಬೆಂಗಳೂರಿನಲ್ಲಿ ಬಾಡಿಗೆಗೆ ತಂದ ಕ್ಯಾಮರಾ ಮತ್ತು ಒಂದು ಫೋನು ಸೇರಿದರೆ ಮೂರು ಬಗೆಯ ಫ್ರೇಮುಗಳು ಒಂದೇ ಕಾಲರೇಖೆಗೆ ಬರುತ್ತವೆ. 30ರ ಚಿತ್ರವನ್ನು 25ಕ್ಕೆ ಇಳಿಸುವಾಗ ತಂತ್ರಾಂಶವು ಪ್ರತಿ ಆರು ಫ್ರೇಮುಗಳಲ್ಲಿ ಒಂದನ್ನು ಕೈಬಿಡುತ್ತದೆ. ಕುಳಿತು ಮಾತನಾಡುವವರ ಚಿತ್ರದಲ್ಲಿ ಇದು ತಿಳಿಯದು. ವೇಗದ ಜತಿಯಲ್ಲಿ ತೋಳು ಬೀಸುವಾಗ ಚಲನೆ ಮುಗ್ಗರಿಸಿದಂತೆ ಕಾಣುತ್ತದೆ. ಎಲ್ಲ ಕ್ಯಾಮರಾಗಳನ್ನೂ ಮೊದಲೇ 25ಕ್ಕೆ, ಅಥವಾ ಯಾವುದಾದರೂ ಒಂದು 25ಕ್ಕೆ ಬಾರದಿದ್ದರೆ ಎಲ್ಲವನ್ನೂ 30ಕ್ಕೆ, ಹೊಂದಿಸುವುದು ಐದು ನಿಮಿಷದ ಕೆಲಸ.

ಇದರ ಜೊತೆಗೆ ಷಟರ್ ವೇಗ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಷಟರನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ಇರಿಸಿದರೆ ಆ ಮಿನುಗು ಚಿತ್ರದಲ್ಲಿ ಕಾಣದು. 60ನೆಯ ಒಂದು ಭಾಗಕ್ಕಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲತೊಡಗುತ್ತವೆ. ಅವನ್ನು ಆಮೇಲೆ ಅಳಿಸುವುದು ಬಹಳ ಕಷ್ಟ.

ಮೂರನೆಯದು ಧ್ವನಿ. ಸಭಾಂಗಣದ ಮೈಕ್ ವ್ಯವಸ್ಥೆಯವರ ಮಿಕ್ಸರ್‌ನಿಂದ ಒಂದು ತಂತಿ ಎಳೆದು ಪ್ರತ್ಯೇಕ ಧ್ವನಿಮುದ್ರಕಕ್ಕೆ ಕೊಟ್ಟರೆ ಹಾಡುಗಾರಿಕೆಯೂ ಮೃದಂಗವೂ ಸ್ಪಷ್ಟವಾಗಿ ದೊರೆಯುತ್ತವೆ. ಆದರೆ ಗೆಜ್ಜೆಯ ಸದ್ದು ಮತ್ತು ಚಪ್ಪಾಳೆ ಅದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಅವಕ್ಕಾಗಿ ನಡುವಿನ ಕ್ಯಾಮರಾದ ಧ್ವನಿಯನ್ನು ತುಸುವೇ ಬೆರೆಸಿಕೊಳ್ಳಬೇಕಾಗುತ್ತದೆ. ಕ್ಯಾಮರಾಗಳ ಸ್ವಂತ ಮೈಕುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅವುಗಳ ಧ್ವನಿ ಅಂತಿಮ ಚಿತ್ರಕ್ಕೆ ಬೇಡವಾದರೂ ಸಮಯ ಹೊಂದಿಸಲು ಅದೇ ಆಧಾರ.

ಸಮಯದ ಹೊಂದಾಣಿಕೆ

ಸಿನಿಮಾ ಚಿತ್ರೀಕರಣದಲ್ಲಿ ಕ್ಲ್ಯಾಪ್ ಹಲಗೆ ಬಡಿಯುವುದು ಏತಕ್ಕೆಂದು ಹಲವರಿಗೆ ತಿಳಿದಿದೆ: ಹಲಗೆ ಕೂಡಿದ ಫ್ರೇಮು ಮತ್ತು ಅದರ ಸದ್ದನ್ನು ಒಂದಾಗಿಸಿದರೆ ಚಿತ್ರವೂ ಧ್ವನಿಯೂ ಹೊಂದಿಕೊಳ್ಳುತ್ತವೆ. ಮನೆಯ ಚಿತ್ರೀಕರಣದಲ್ಲೂ ಎಲ್ಲ ಕ್ಯಾಮರಾಗಳು ಚಾಲೂ ಆದ ಮೇಲೆ ಯಾರಾದರೂ ವೇದಿಕೆಯ ಮುಂದೆ ನಿಂತು ಒಮ್ಮೆ ಜೋರಾಗಿ ಕೈ ತಟ್ಟಿದರೆ ಸಾಕು. ಅದನ್ನು ಮರೆತರೂ ರಂಗಪ್ರವೇಶದಲ್ಲಿ ನಟುವಾಂಗದ ತಾಳವಿದೆ. ಕಂಚಿನ ಆ ಚೂಪಾದ ಸದ್ದು ಧ್ವನಿ ತರಂಗದ ನಕ್ಷೆಯಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ.

ಈಚಿನ ತಂತ್ರಾಂಶಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಎರಡು ಕಡತಗಳ ಧ್ವನಿ ತರಂಗಗಳಲ್ಲಿ ಒಂದನ್ನು ಇನ್ನೊಂದರ ಮೇಲೆ ಹಿಂದೆ ಮುಂದೆ ಜಾರಿಸುತ್ತ, ಎಲ್ಲಿ ಹೋಲಿಕೆ ಅತಿ ಹೆಚ್ಚೋ ಅಲ್ಲಿ ನಿಲ್ಲಿಸುವುದೇ ಇದರ ತತ್ತ್ವ. ನೃತ್ಯ ಸಂಗೀತದಲ್ಲಿ ಇದಕ್ಕೊಂದು ಬಲೆ ಇದೆ. ಒಂದೇ ಜತಿ, ಒಂದೇ ಪಲ್ಲವಿಯ ಸಾಲು ಮತ್ತೆ ಮತ್ತೆ ಬರುವುದರಿಂದ ಚಿಕ್ಕ ತುಣುಕುಗಳನ್ನು ಹೊಂದಿಸುವಾಗ ತಂತ್ರಾಂಶವು ಒಂದು ಆವರ್ತನ ಆಚೀಚೆ ಕುಳಿತುಬಿಡಬಹುದು. ಕೇಳಲು ಸರಿಯೆನಿಸುತ್ತದೆ, ಆದರೆ ಒಂದು ಚೌಕದಲ್ಲಿ ಕಲಾವಿದೆಯ ಕೈ ಮೇಲಿದ್ದರೆ ಇನ್ನೊಂದರಲ್ಲಿ ಕೆಳಗಿರುತ್ತದೆ. ಯಂತ್ರ ಹೊಂದಿಸಿದ ಮೇಲೂ ಪ್ರತಿ ನೃತ್ಯಬಂಧದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಕಣ್ಣಿನಿಂದ ಪರೀಕ್ಷಿಸುವುದು ಅನಿವಾರ್ಯ.

ಇನ್ನೊಂದು ಸೂಕ್ಷ್ಮವಿದೆ. ಬೆಳಕು ಕ್ಷಣಮಾತ್ರದಲ್ಲಿ ಕ್ಯಾಮರಾ ತಲುಪುತ್ತದೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ಸಾಗುತ್ತದೆ. 25 ಫ್ರೇಮುಗಳ ಪದ್ಧತಿಯಲ್ಲಿ ಒಂದು ಫ್ರೇಮಿನ ಅವಧಿ 40 ಮಿಲಿಸೆಕೆಂಡ್. ಅಷ್ಟರಲ್ಲಿ ಸದ್ದು ಕ್ರಮಿಸುವ ದೂರ ಸುಮಾರು 14 ಮೀಟರ್. ಧ್ವನಿವರ್ಧಕದಿಂದ 28 ಮೀಟರ್ ದೂರದಲ್ಲಿ, ಸಭಾಂಗಣದ ಕೊನೆಯ ಸಾಲಿನ ಹಿಂದೆ ನಿಂತ ಕ್ಯಾಮರಾಕ್ಕೆ ತಾಳದ ಸದ್ದು ಎರಡು ಫ್ರೇಮು ತಡವಾಗಿ ಕೇಳಿಸಿರುತ್ತದೆ. ಅದರ ಧ್ವನಿಯನ್ನು ಮಿಕ್ಸರ್‌ನ ಧ್ವನಿಗೆ ಕರಾರುವಾಕ್ಕಾಗಿ ಹೊಂದಿಸಿದರೆ ಅದರ ಚಿತ್ರ ಎರಡು ಫ್ರೇಮು ಮುಂದಾಗುತ್ತದೆ. ಪಾದ ಮೊದಲು ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ. ಯಂತ್ರ ತಪ್ಪು ಮಾಡಿಲ್ಲ, ಆದರೂ ಫಲಿತಾಂಶ ತಪ್ಪಾಗಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನ ಪ್ರಕಾರ ಸದ್ದು 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ಸಾಮಾನ್ಯ ನೋಡುಗನಿಗೆ ಅದು ಗೊತ್ತಾಗತೊಡಗುತ್ತದೆ. ಎರಡು ಫ್ರೇಮು ಆ ಮಿತಿಯೊಳಗೇ ಇದೆ. ಆದರೆ ತಾಳ ಕಲಿತ ಕಿವಿ ಸಾಮಾನ್ಯ ನೋಡುಗನ ಕಿವಿಯಲ್ಲ, ಮತ್ತು ಹತ್ತಿರದ ಕ್ಯಾಮರಾದಿಂದ ದೂರದ್ದಕ್ಕೆ ಹಾರಿದಾಗಲೆಲ್ಲ ಅಂತರ ಬದಲಾಗುತ್ತ ಹೋಗುತ್ತದೆ. ಆದ್ದರಿಂದ ಯಂತ್ರದ ಹೊಂದಾಣಿಕೆಯ ನಂತರ ದೂರದ ಕ್ಯಾಮರಾದ ತುಣುಕನ್ನು ಅಗತ್ಯವಿದ್ದಷ್ಟು ಫ್ರೇಮು ತಡಮಾಡಿ, ಎಲ್ಲ ಚೌಕಗಳಲ್ಲೂ ಪಾದ ಒಂದೇ ಫ್ರೇಮಿನಲ್ಲಿ ನೆಲ ಮುಟ್ಟುವಂತೆ ಮಾಡಬೇಕು.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಆರಂಭದಲ್ಲಿ ಸರಿಯಾಗಿ ಹೊಂದಿಕೊಂಡ ಕ್ಯಾಮರಾಗಳು ಒಂದು ಗಂಟೆಯ ನಂತರ ಬೇರೆಯಾಗಿರುತ್ತವೆ. ಪ್ರತಿ ಯಂತ್ರದೊಳಗೂ ಕಾಲವನ್ನು ಅಳೆಯುವ ಸ್ಫಟಿಕದ ಗಡಿಯಾರವಿದ್ದು, ಯಾವ ಎರಡೂ ಒಂದೇ ವೇಗದಲ್ಲಿ ಓಡುವುದಿಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 30 ಭಾಗದಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 108 ಮಿಲಿಸೆಕೆಂಡಿನ, ಅಂದರೆ ಎರಡೂವರೆ ಫ್ರೇಮಿಗೂ ಮಿಕ್ಕಿದ, ಅಂತರ ಬೀಳುತ್ತದೆ. ಪುಷ್ಪಾಂಜಲಿಯಲ್ಲಿ ಹೊಂದಿಕೊಂಡದ್ದು ತಿಲ್ಲಾನ ಬರುವ ಹೊತ್ತಿಗೆ ಆರು ಏಳು ಫ್ರೇಮು ದೂರ ಸರಿದಿರಬಹುದು. ಮನೆಯಲ್ಲಿ ಸಂಕಲನ ಮಾಡುವವರು ಅತಿ ಹೆಚ್ಚು ಎಡವುವುದು ಇಲ್ಲಿ. ಏಕೆಂದರೆ ಆರಂಭವನ್ನು ಪರೀಕ್ಷಿಸಿದವರು ಕೊನೆಯನ್ನು ನೋಡುವುದೇ ಇಲ್ಲ.

ಇದಕ್ಕೆ ಸರಳ ಪರಿಹಾರ ರಂಗಪ್ರವೇಶದ ಸ್ವರೂಪದಲ್ಲೇ ಇದೆ. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಎಂದು ಕಾರ್ಯಕ್ರಮ ತಾನೇ ಭಾಗಗಳಾಗಿ ಒಡೆದುಕೊಂಡಿರುತ್ತದೆ. ಪ್ರತಿ ಬಂಧವನ್ನೂ ಪ್ರತ್ಯೇಕ ಬಹುಕ್ಯಾಮರಾ ತುಣುಕಾಗಿ ಮಾಡಿ ಹೊಸದಾಗಿ ಹೊಂದಿಸಿದರೆ ಅಂತರ ಬೆಳೆಯಲು ಅವಕಾಶವೇ ಸಿಗುವುದಿಲ್ಲ. ಅರ್ಧ ಗಂಟೆಗೂ ಮೀರಬಹುದಾದ ವರ್ಣವೊಂದನ್ನು ಮಾತ್ರ ನಡುವೆ, ಪಲ್ಲವಿ ಮುಗಿದು ಚರಣ ಆರಂಭವಾಗುವೆಡೆ, ಒಮ್ಮೆ ಕತ್ತರಿಸಿ ಮತ್ತೆ ಹೊಂದಿಸುವುದು ಒಳ್ಳೆಯದು. ಧ್ವನಿಯನ್ನು ಮಾತ್ರ ಎಂದೂ ಕತ್ತರಿಸಬಾರದು. ಮುಖ್ಯ ಧ್ವನಿಯೇ ಗಡಿಯಾರ, ಚಿತ್ರಗಳು ಅದಕ್ಕೆ ಹೊಂದಿಕೊಳ್ಳಬೇಕು.

ಮೊಬೈಲ್ ಫೋನಿನ ಚಿತ್ರಗಳದು ಬೇರೆಯೇ ತಕರಾರು. ಬೆಳಕು ಕಡಿಮೆಯಾದಾಗ ಅಥವಾ ಫೋನು ಬಿಸಿಯಾದಾಗ ಅವು ಫ್ರೇಮುಗಳ ವೇಗವನ್ನು ತಾವಾಗಿಯೇ ಏರಿಳಿಸುತ್ತವೆ. ಸ್ಥಿರ ವೇಗವನ್ನು ನಿರೀಕ್ಷಿಸುವ ತಂತ್ರಾಂಶದಲ್ಲಿ ಇಂಥ ಕಡತದ ಚಿತ್ರ ಮತ್ತು ಧ್ವನಿ ಒಂದನ್ನೊಂದು ಬಿಟ್ಟು ಅಲೆಯತೊಡಗುತ್ತವೆ. ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ. ಉಚಿತವಾಗಿ ದೊರೆಯುವ ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶದಿಂದ ಆ ಕಡತವನ್ನು ಮೊದಲು ಸ್ಥಿರ ಫ್ರೇಮ್ ವೇಗಕ್ಕೆ ಪರಿವರ್ತಿಸಿ, ಆಮೇಲೆ ಸಂಕಲನಕ್ಕೆ ತರಬೇಕು.

ತುಂಡು ಕಡತಗಳ ಸಂಗತಿಯನ್ನೂ ಇಲ್ಲಿ ಹೇಳಬೇಕು. ಎಫ್‌ಎಟಿ 32 ಎಂಬ ಹಳೆಯ ಮಾದರಿಯ ಮೆಮೊರಿ ಕಾರ್ಡುಗಳಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ. ಆದ್ದರಿಂದ ಕ್ಯಾಮರಾಗಳು ನಿರಂತರ ಚಿತ್ರೀಕರಣವನ್ನು ಹಲವು ಕಡತಗಳಾಗಿ ಒಡೆದು ಬರೆಯುತ್ತವೆ. ಇವನ್ನು ಕಾರ್ಡಿನ ಇಡೀ ಕಡತಕೋಶದ ಸಮೇತ ನಕಲು ಮಾಡಿಕೊಂಡರೆ ಮಾತ್ರ ಕೆಲವು ತಂತ್ರಾಂಶಗಳು ಕೊಂಡಿ ತಪ್ಪದಂತೆ ಸೇರಿಸಬಲ್ಲವು. ಒಂದೊಂದೇ ಕಡತವನ್ನು ಎಳೆದು ತಂದರೆ ಸೇರುವೆಡೆ ಕೆಲವು ಫ್ರೇಮುಗಳ ಧ್ವನಿ ಕಾಣೆಯಾಗುವುದುಂಟು.

ಯಾವಾಗ ಕತ್ತರಿಸಬೇಕು

ಹೊಂದಾಣಿಕೆ ಮುಗಿದ ಮೇಲಿನ ಕೆಲಸ ಎಲ್ಲ ತಂತ್ರಾಂಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಪರದೆಯ ಒಂದು ಬದಿಯಲ್ಲಿ ಎಲ್ಲ ಕ್ಯಾಮರಾಗಳ ಚೌಕಗಳು, ಇನ್ನೊಂದು ಬದಿಯಲ್ಲಿ ಆಯ್ದ ಚಿತ್ರ. ಚಿತ್ರ ಓಡುತ್ತಿರುವಾಗಲೇ 1, 2, 3 ಅಂಕಿಯ ಕೀಲಿಗಳನ್ನು ಒತ್ತುತ್ತ ಹೋದರೆ ಆ ಕ್ಷಣದಲ್ಲೇ ಕಟ್ ಬೀಳುತ್ತದೆ. ಎರಡೂವರೆ ಗಂಟೆಯ ಕಾರ್ಯಕ್ರಮದ ಕರಡು ಎರಡೂವರೆ ಗಂಟೆಯಲ್ಲೇ ಸಿದ್ಧ. ಬೆರಳು ಯಾವಾಗಲೂ ಮನಸ್ಸಿಗಿಂತ ತುಸು ತಡ. ಆದ್ದರಿಂದ ಎರಡನೆಯ ಸುತ್ತಿನಲ್ಲಿ ಪ್ರತಿ ಕಟ್ಟನ್ನೂ ಕೆಲವು ಫ್ರೇಮು ಹಿಂದಕ್ಕೆ ಸರಿಸಿ ತಾಳದ ಪೆಟ್ಟಿಗೆ ಕೂರಿಸಬೇಕಾಗುತ್ತದೆ. ಚಿತ್ರ ಬದಲಾದಂತೆ ಧ್ವನಿಯೂ ಬದಲಾಗುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿ ಚಾಲೂ ಇರುತ್ತದೆ. ಅದನ್ನು ಮೊದಲೇ ನಿಲ್ಲಿಸದಿದ್ದರೆ ಪ್ರತಿ ಕಟ್ಟಿಗೂ ಸಂಗೀತದ ಬಣ್ಣ ಬದಲಾಗಿ ಕಿವಿಗೆ ಕರ್ಕಶವಾಗುತ್ತದೆ.

ನೃತ್ಯದ ಸಂಕಲನಕ್ಕೆ ಟಿವಿ ಸಂಗೀತ ಸ್ಪರ್ಧೆಗಳ ರೀತಿ ಹೊಂದುವುದಿಲ್ಲ. ಎರಡು ಸೆಕೆಂಡಿಗೊಂದು ಕೋನ ಬದಲಿಸುವ ಆ ಅವಸರದಲ್ಲಿ ಅಡವಿನ ಆಕಾರವೇ ಕಳೆದುಹೋಗುತ್ತದೆ. ಹಾಲಿವುಡ್‌ನ ನರ್ತಕ ಫ್ರೆಡ್ ಆಸ್ಟೇರ್ ತನ್ನ ನೃತ್ಯಗಳನ್ನು ತಲೆಯಿಂದ ಪಾದದವರೆಗೆ ಪೂರ್ಣ ದೇಹ ಕಾಣುವಂತೆ, ಆದಷ್ಟೂ ಕಡಿಮೆ ಕಟ್‌ಗಳಲ್ಲಿ ಚಿತ್ರಿಸಬೇಕೆಂದು ಪಟ್ಟು ಹಿಡಿಯುತ್ತಿದ್ದುದು ಪ್ರಸಿದ್ಧ. ಭರತನಾಟ್ಯದ ನೃತ್ತ ಭಾಗಕ್ಕೂ ಅದು ಸಲ್ಲುವ ಮಾತು. ಜತಿ ಆರಂಭವಾದರೆ ಅದು ಮುಗಿದು ತೀರ್ಮಾನ ಬೀಳುವವರೆಗೆ ನಡುವಿನ ಕ್ಯಾಮರಾದಲ್ಲೇ ನಿಲ್ಲುವುದು ಕ್ಷೇಮ. ಅರೆಮಂಡಿಯಲ್ಲಿ ಕುಳಿತ ಕಲಾವಿದೆಯ ಪಾದಗಳನ್ನು ಚೌಕಟ್ಟಿನ ಹೊರಗೆ ಬಿಟ್ಟು ಮುಖವನ್ನು ತೋರಿಸುವುದೆಂದರೆ ಹಾಡುಗಾರನ ಪಲ್ಲವಿಯ ನಡುವೆ ಮೈಕ್ ನಿಲ್ಲಿಸಿದಂತೆ.

ಅಭಿನಯ ಭಾಗದ ಲೆಕ್ಕ ಬೇರೆ. ಪದ ಅಥವಾ ಜಾವಳಿಯಲ್ಲಿ ಹಾಡಿನ ಸಾಲು ಒಂದೇ ಇದ್ದು ಭಾವ ಬದಲಾಗುತ್ತ ಹೋಗುತ್ತದೆ. ಅಲ್ಲಿ ಹತ್ತಿರದ ಕ್ಯಾಮರಾಕ್ಕೆ ಪ್ರಾಶಸ್ತ್ಯ. ಆದರೆ ಸಂಚಾರಿ ಭಾವದಲ್ಲಿ ಕಲಾವಿದೆ ಎರಡು ಪಾತ್ರಗಳಾಗಿ ಎಡಕ್ಕೂ ಬಲಕ್ಕೂ ತಿರುಗುವಾಗ ಕೋನ ಬದಲಿಸಿದರೆ ಯಾರು ಯಾರಿಗೆ ಮಾತನಾಡುತ್ತಿದ್ದಾರೆಂಬುದೇ ತಿಳಿಯದಾಗುತ್ತದೆ. ನಟುವಾಂಗದವರನ್ನು ತೋರಿಸಲು ಸೂಕ್ತ ಕಾಲ ಕಲಾವಿದೆ ವೇದಿಕೆಯ ಹಿಂದಕ್ಕೆ ನಡೆದುಹೋಗುವ ಕೆಲವೇ ಕ್ಷಣಗಳು, ಮತ್ತು ಒಂದು ಬಂಧಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು.

ಬಹುಕ್ಯಾಮರಾ ಸೌಲಭ್ಯವೇ ಇಲ್ಲದ ತಂತ್ರಾಂಶವಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಎರಡು ಮೂರು ದೃಶ್ಯದ ಹಳಿಗಳಿದ್ದರೆ ಸಾಕು. ನಡುವಿನ ಕ್ಯಾಮರಾವನ್ನು ಎಲ್ಲಕ್ಕಿಂತ ಕೆಳಗಿನ ಹಳಿಯಲ್ಲಿ ಇಡಿಯಾಗಿ ಹಾಸಿ, ಉಳಿದವುಗಳನ್ನು ಅದರ ಮೇಲೆ ಸಮಯ ಹೊಂದಿಸಿ ಇಡಬೇಕು. ಮೇಲಿನ ಹಳಿಯಲ್ಲಿ ಬೇಡವಾದ ಭಾಗವನ್ನು ಕತ್ತರಿಸಿ ತೆಗೆದಾಗ ಅದರ ಕೆಳಗಿನ ಕ್ಯಾಮರಾ ತಾನಾಗಿ ಕಾಣಿಸಿಕೊಳ್ಳುತ್ತದೆ. ತೆಗೆದ ಮೇಲೆ ಉಳಿದ ತುಣುಕುಗಳು ಎಡಕ್ಕೆ ಜಾರಿಕೊಳ್ಳದಂತೆ ನೋಡಿಕೊಳ್ಳುವುದೊಂದೇ ಎಚ್ಚರಿಕೆ. ಆಪಲ್‌ನ ಐಮೂವಿಯಲ್ಲಿ ಮುಖ್ಯ ಹಳಿಯ ಮೇಲೆ ಒಂದೇ ಪದರಕ್ಕೆ ಅವಕಾಶವಿರುವುದರಿಂದ ಈ ಕ್ರಮದಲ್ಲಿ ಎರಡು ಕ್ಯಾಮರಾಗಳ ಸಂಕಲನ ಸಲೀಸು. ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್‌ನಲ್ಲಿ ಹಳಿಗಳಿಗೆ ಮಿತಿ ಇಲ್ಲದಿರುವುದಲ್ಲದೆ ಧ್ವನಿಯಿಂದ ಹೊಂದಿಸುವ ಸೌಲಭ್ಯವೂ ಇದೆ.

ಬಣ್ಣ ಮತ್ತು ಗಣಕದ ಭಾರ

ಬೇರೆ ಬೇರೆ ಸಂಸ್ಥೆಗಳ ಕ್ಯಾಮರಾಗಳು ಒಂದೇ ರೇಷ್ಮೆ ಸೀರೆಯನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತವೆ. ಬಿಳಿಯ ಸಮತೋಲವನ್ನು ಸ್ವಯಂಚಾಲಿತವಾಗಿ ಬಿಟ್ಟಿದ್ದರಂತೂ ವೇದಿಕೆಯ ದೀಪ ಕೆಂಪಾದಾಗಲೆಲ್ಲ ಕ್ಯಾಮರಾ ಅದನ್ನು ತಿದ್ದಲು ಹೊರಟು ಮುಖ ಹಸಿರು ತಿರುಗುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಬೆಳಕು ಬಿದ್ದ ಮುಖವನ್ನು ಸ್ವಯಂಚಾಲಿತ ಕ್ಯಾಮರಾ ಸುಣ್ಣದಂತೆ ಬಿಳಿಚಿಸುತ್ತದೆ. ಹಾಗೆ ಬಿಳಿಚಿದ ಮುಖದಲ್ಲಿ ಕಳೆದುಹೋದ ವಿವರ ಆಮೇಲೆ ಮರಳದು. ತಿದ್ದುವಾಗ ನಡುವಿನ ಕ್ಯಾಮರಾವನ್ನು ಮಾದರಿಯಾಗಿ ಹಿಡಿದು, ಒಂದೇ ಕ್ಷಣದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಮೊದಲು ಬೆಳಕು, ಆಮೇಲೆ ಬಿಳಿ, ಕೊನೆಗೆ ಬಣ್ಣದ ಗಾಢತೆ ಎಂಬ ಕ್ರಮ ಅನುಸರಿಸಬೇಕು. ಬಿಳಿಗೆ ಅಳತೆಗೋಲಾಗಿ ಜಡೆಯಲ್ಲಿನ ಮಲ್ಲಿಗೆ, ಹಿಮ್ಮೇಳದವರ ಪಂಚೆ ಇದ್ದೇ ಇರುತ್ತವೆ.

ಡಿವಿ ಟೇಪಿನ ಕಾಲದಲ್ಲಿ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಸಾಕಾಗುತ್ತಿತ್ತು. ಇಂದಿನ 4ಕೆ ಕ್ಯಾಮರಾ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಬರೆದರೆ ಗಂಟೆಗೆ 45 ಗಿಗಾಬೈಟ್. ಮೂರು ಕ್ಯಾಮರಾಗಳ ಎರಡೂವರೆ ಗಂಟೆಗೆ 337 ಗಿಗಾಬೈಟ್ ಮೀರುತ್ತದೆ. ಜಾಗಕ್ಕಿಂತ ದೊಡ್ಡ ಸಮಸ್ಯೆ ಓಟದ್ದು. ಎಚ್.264 ಮತ್ತು ಎಚ್.265 ಸಂಕೋಚನ ಪದ್ಧತಿಗಳಲ್ಲಿ ಬಹುತೇಕ ಫ್ರೇಮುಗಳು ತಮ್ಮ ಹಿಂದುಮುಂದಿನ ಫ್ರೇಮುಗಳೊಂದಿಗಿನ ವ್ಯತ್ಯಾಸವನ್ನಷ್ಟೇ ಹೊತ್ತಿರುತ್ತವೆ. ಒಂದು ಫ್ರೇಮು ತೋರಿಸಲು ಗಣಕವು ಹಲವನ್ನು ಬಿಡಿಸಬೇಕು. ಮೂರು ಚೌಕಗಳಲ್ಲಿ ಒಮ್ಮೆಗೇ ಇದನ್ನು ಮಾಡುವಾಗ ಸಾಮಾನ್ಯ ಲ್ಯಾಪ್‌ಟಾಪ್ ತಡವರಿಸುತ್ತದೆ. ತಡವರಿಸುವ ಚಿತ್ರ ನೋಡಿ ತಾಳಕ್ಕೆ ಕತ್ತರಿಸಲಾಗದು. ಇದಕ್ಕಿರುವ ಉಪಾಯ ಪ್ರಾಕ್ಸಿ ಕಡತಗಳು: ಮೂಲ ಚಿತ್ರಗಳ ಚಿಕ್ಕ ಅಳತೆಯ, ಹಗುರ ನಕಲುಗಳು. ಸಂಕಲನವೆಲ್ಲ ಅವುಗಳ ಮೇಲೆ ನಡೆದು, ಅಂತಿಮ ಚಿತ್ರ ಹೊರತೆಗೆಯುವಾಗ ತಂತ್ರಾಂಶವು ಮೂಲಕ್ಕೆ ಮರಳುತ್ತದೆ. ನಕಲು ಸಿದ್ಧವಾಗಲು ಒಂದು ರಾತ್ರಿ ಬೇಕಾಗಬಹುದು.

ಈ ಶ್ರಮವನ್ನೆಲ್ಲ ತಪ್ಪಿಸಲು ಸ್ಥಳದಲ್ಲೇ ಮಿಕ್ಸಿಂಗ್ ಮಾಡಿಸುವವರಿದ್ದಾರೆ. 2019ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯ ಎಟಿಇಎಂ ಮಿನಿಯಂತಹ ಕೈಯಗಲದ ಸ್ವಿಚರ್‌ಗಳು ಬಂದ ಮೇಲೆ ಇದು ಅಗ್ಗವಾಗಿದೆ. ಆದರೆ ಒಮ್ಮೆ ಒತ್ತಿದ ಗುಂಡಿಯ ತಪ್ಪು ಅಲ್ಲಿಗೇ ಶಾಶ್ವತ. ಪ್ರತಿ ಕ್ಯಾಮರಾದ ಚಿತ್ರವನ್ನೂ ಬೇರೆಬೇರೆಯಾಗಿ ಉಳಿಸಿಕೊಡುವ ಮಾದರಿಯನ್ನು ಅದೇ ಸಂಸ್ಥೆ 2020ರಲ್ಲಿ ತಂದಿತು. ಮಿಕ್ಸಿಂಗ್ ಮಾಡಿಸುವವರು ಅಂಥದ್ದನ್ನೇ ಕೇಳಿ ಪಡೆಯಬೇಕು. ಇನ್ನು 2025ರ ಡವಿಂಚಿ ರಿಸಾಲ್ವ್ 20ರ ಹಣ ಕೊಟ್ಟು ಕೊಳ್ಳುವ ಆವೃತ್ತಿ, ಮಾತನಾಡುತ್ತಿರುವವರನ್ನು ಗುರುತಿಸಿ ತಾನೇ ಕೋನ ಬದಲಿಸುತ್ತದೆ. ಸಂದರ್ಶನಗಳಿಗೆ ಅದು ವರದಾನ. ಬಾಯಿ ತೆರೆಯದೆ ಕಣ್ಣಿನಲ್ಲೇ ಎಲ್ಲವನ್ನೂ ಹೇಳುವ ಕಲಾವಿದೆಯ ವಿಷಯದಲ್ಲಿ ಅದಕ್ಕೆ ಕೆಲಸವಿಲ್ಲ.

ಅಂತಿಮ ಚಿತ್ರವನ್ನು ಸಂಕಲನದಷ್ಟೇ ಫ್ರೇಮ್ ವೇಗದಲ್ಲಿ ಹೊರತೆಗೆದು, ಗಣಕದಲ್ಲಷ್ಟೇ ಅಲ್ಲದೆ ಮನೆಯ ಟಿವಿಯಲ್ಲೂ ಒಮ್ಮೆ ನೋಡಬೇಕು; ಕೆಲವು ಟಿವಿಗಳು, ಬ್ಲೂಟೂತ್ ಸ್ಪೀಕರ್‌ಗಳಂತೂ ಬಹುಮಟ್ಟಿಗೆ, ಧ್ವನಿಯನ್ನು ತಾವೇ ತಡಮಾಡುತ್ತವೆ. ಅದನ್ನು ಸಂಕಲನದ ದೋಷವೆಂದು ತಿಳಿದು ಸರಿಯಿದ್ದದ್ದನ್ನು ಕೆಡಿಸಬಾರದು. ಸಂಕಲನದ ವೇಳೆ ತಂತಿಯ ಹೆಡ್‌ಫೋನನ್ನೇ ಬಳಸಬೇಕೆನ್ನುವುದೂ ಇದಕ್ಕೇ.

ಅಂತಿಮ ಚಿತ್ರ ಕೈಸೇರಿದ ಮೇಲೆ ಮೂಲ ಕಡತಗಳನ್ನು ಅಳಿಸಿ ಜಾಗ ಮಾಡಿಕೊಳ್ಳುವ ಪರಿಪಾಠ ಸ್ಟುಡಿಯೋಗಳಲ್ಲೂ ಮನೆಗಳಲ್ಲೂ ಇದೆ. 2000ದ ದಶಕದಲ್ಲಿ ಡಿವಿಡಿಗೆ ಇಳಿಸಿದ ಕಾರ್ಯಕ್ರಮಗಳು 720 ಅಡ್ಡ 576 ಬಿಂದುಗಳ ಅಳತೆಗೆ ಕುಗ್ಗಿ, ಇಂದಿನ ಪರದೆಯ ಮೇಲೆ ಮಸುಕಾಗಿವೆ. ಹೈ ಡೆಫಿನಿಷನ್‌ನಲ್ಲಿ ತೆಗೆದು ಮೂಲವನ್ನು ಉಳಿಸಿಕೊಂಡವರು ಮಾತ್ರ ಅದನ್ನು ಮತ್ತೆ ಹೊರತೆಗೆಯಬಲ್ಲರು. ಮೂಲ ಕಡತಗಳು, ಮಿಕ್ಸರ್‌ನ ಧ್ವನಿ ಮತ್ತು ಸಮಯ ಹೊಂದಿಸಿದ ಪ್ರಾಜೆಕ್ಟ್ ಕಡತ ಈ ಮೂರನ್ನೂ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಅಜ್ಜಿಯ ಮನೆಯಲ್ಲೋ ಗುರುಗಳ ಮನೆಯಲ್ಲೋ ಇರಿಸುವುದು ಉತ್ತಮ. ನಡುವಿನ ಕ್ಯಾಮರಾದ ಕತ್ತರಿಸದ ಚಿತ್ರದ ಒಂದು ಪ್ರತಿಯನ್ನು ಗುರುಗಳಿಗೆ ಪ್ರತ್ಯೇಕವಾಗಿಯೇ ಕೊಡಬೇಕು. ಶಿಷ್ಯೆಯ ಅಂಗಶುದ್ಧಿಯನ್ನು ನೋಡಲು ಅವರಿಗೆ ಬೇಕಾಗುವುದು ಆ ಚಿತ್ರವೇ.